ಗಣಕದಿಂದ ಮನೆಗೆ ಎಪ್ಪತ್ತು ಅಕ್ಷರಗಳ ಓಲೆ

ಶಾಲೆಯೆಂಬುದು ನಾಲ್ಕು ಗೋಡೆಗಳ ಒಳಗೆ ಮಾತ್ರ ನಡೆಯುವಂಥದಲ್ಲ. ಶಾಲೆಯ ಮಾತು ಮನೆಗೆ ತಲುಪಬೇಕು. ಮನೆಯ ಮಾತು ಶಾಲೆಗೆ ಬರಬೇಕು. ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯ ಈ ಐವತ್ತು ವರ್ಷಗಳಲ್ಲಿ ಆ ಮಾತು ಹಲವು ದಾರಿಗಳಲ್ಲಿ ಸಾಗಿದೆ. ಮಕ್ಕಳ ಬಾಯಲ್ಲಿ ಹೇಳಿ ಕಳುಹಿಸಿದ ಕಾಲವಿತ್ತು. ಚೀಟಿ ಬರೆದು ಪುಸ್ತಕದಲ್ಲಿಟ್ಟು ಕಳುಹಿಸಿದ ಕಾಲವಿತ್ತು. ದೂರದೂರಿನ ಪೋಷಕರಿಗೆ ಅಂಚೆ ಕಾರ್ಡು, ತುರ್ತು ಸಂದರ್ಭದಲ್ಲಿ ತಂತಿ. ಇಂದು ಹಾಜರಿಯ ವಿವರವನ್ನು ಗಣಕಯಂತ್ರದಲ್ಲಿ ದಾಖಲಿಸಿದ ಸ್ವಲ್ಪ ಹೊತ್ತಿಗೆಲ್ಲ, ಬಾರದ ಮಗುವಿನ ಮನೆಯ ಮೊಬೈಲಿನಲ್ಲಿ ಕಿರುಸಂದೇಶದ ಸದ್ದು ಕೇಳುತ್ತದೆ. ಯಾರೂ ಬೆರಳಿನಿಂದ ಆ ಸಂದೇಶವನ್ನು ಒತ್ತಿ ಕಳುಹಿಸುವುದಿಲ್ಲ. ಒಂದು ತಂತ್ರಾಂಶ ಇನ್ನೊಂದು ತಂತ್ರಾಂಶಕ್ಕೆ ಹೇಳುತ್ತದೆ, ಅದು ದೂರವಾಣಿ ಕಂಪನಿಗೆ ಹೇಳುತ್ತದೆ, ಸಂದೇಶ ಮನೆ ಸೇರುತ್ತದೆ.

ಇದು ಹೇಗೆ ನಡೆಯುತ್ತದೆ? ಇದರಲ್ಲಿ ನಮ್ಮ ಕನ್ನಡಕ್ಕೆ ಯಾವ ಸ್ಥಾನವಿದೆ? ಕನ್ನಡದಲ್ಲಿ ಕಳುಹಿಸಿದರೆ ವೆಚ್ಚ ಹೆಚ್ಚೆನ್ನುವುದು ನಿಜವೇ? ನಿಜವಾದರೆ ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಉತ್ತರವನ್ನು ತರಗತಿಯಲ್ಲಿ ಪಾಠ ಹೇಳುವ ಕ್ರಮದಲ್ಲೇ ಇಲ್ಲಿ ಹೇಳಲು ಯತ್ನಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ವಿಷಯವನ್ನು ಬಿಡಿಸಿ ಹೇಳಿದವರು ಇಂದು ತಂತ್ರಾಂಶ ಕ್ಷೇತ್ರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳೇ. ಅವರಿಂದ ಕಲಿತದ್ದನ್ನು ಹಿರಿಯರಿಗೂ ಗೃಹಿಣಿಯರಿಗೂ ತಿಳಿಯುವಂತೆ ಹೇಳುವುದಷ್ಟೇ ನನ್ನ ಪಾಲಿನ ಕೆಲಸ.

ಕಿರುಸಂದೇಶದ ಹುಟ್ಟು

ಮೊಬೈಲಿಗೆ ಮೊದಲ ಕಿರುಸಂದೇಶ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ವೊಡಾಫೋನ್ ಜಾಲದ ಮೂಲಕ ಕ್ರಿಸ್‌ಮಸ್ ಶುಭಾಶಯವನ್ನು ಕಳುಹಿಸಿದರು. ಅವರು ಅದನ್ನು ಕಳುಹಿಸಿದ್ದು ಮೊಬೈಲಿನಿಂದಲ್ಲ, ಗಣಕಯಂತ್ರದಿಂದ ಎಂಬುದು ಗಮನಿಸಬೇಕಾದ ಸಂಗತಿ. ಅಂದರೆ ಗಣಕದಿಂದ ಮೊಬೈಲಿಗೆ ಸಂದೇಶ ಕಳುಹಿಸುವುದು ಹೊಸ ಆವಿಷ್ಕಾರವೇನಲ್ಲ; ಕಿರುಸಂದೇಶ ಹುಟ್ಟಿದ್ದೇ ಹಾಗೆ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆ ಮತ್ತು ದೆಹಲಿಯ ನಡುವೆ.

ಈ ಸಂದೇಶವು ಮಾತು ಹರಿಯುವ ದೊಡ್ಡ ದಾರಿಯಲ್ಲಿ ಹೋಗುವುದಿಲ್ಲ. ಕರೆಯನ್ನು ಜೋಡಿಸಲು ಯಂತ್ರಗಳು ತಮ್ಮತಮ್ಮಲ್ಲಿ ಸಂಜ್ಞೆ ಕಳುಹಿಸುವ ಒಂದು ಕಿರಿದಾದ ದಾರಿಯಿದೆ. ಅದರ ಬಿಡುವಿನಲ್ಲಿ ಈ ಸಂದೇಶ ನುಸುಳಿ ಹೋಗುತ್ತದೆ. ಓಣಿ ಕಿರಿದಾದುದರಿಂದ ಗಾಡಿಯೂ ಚಿಕ್ಕದು. ಒಂದು ಸಂದೇಶದಲ್ಲಿ 140 ಬೈಟುಗಳಿಗಷ್ಟೇ ಜಾಗ. ಈ 140 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಲೆಕ್ಕಕ್ಕೆಲ್ಲ ಅದೇ ಮೂಲ.

ಇದರಿಂದ ಒಂದು ದೊಡ್ಡ ಅನುಕೂಲವೂ ಇದೆ. ಕಿರುಸಂದೇಶಕ್ಕೆ ಇಂಟರ್‌ನೆಟ್ ಬೇಡ, ಬೆಲೆಬಾಳುವ ಮೊಬೈಲ್ ಬೇಡ. ಗುಂಡಿಯೊತ್ತುವ ಚಿಕ್ಕ ಮೊಬೈಲಿದ್ದರೆ ಸಾಕು. ಅಂಚೆಟ್ಟಿಯ ಕಾಡಂಚಿನ ಊರುಗಳಲ್ಲಾಗಲಿ, ಏರ್ಕಾಡಿನ ಬೆಟ್ಟದ ಮೇಲಾಗಲಿ, ಸಂಜ್ಞೆಯ ಒಂದು ಗೆರೆ ಕಾಣಿಸಿದರೂ ಸಂದೇಶ ಬಂದು ಸೇರುತ್ತದೆ. ಮೊಬೈಲು ಆರಿಸಿದ್ದರೆ ಕಂಪನಿಯ ಸಂದೇಶ ಕೇಂದ್ರವು ಅದನ್ನು ಕೆಲಕಾಲ ಕಾದಿಟ್ಟು, ಮೊಬೈಲು ಎಚ್ಚರವಾದಾಗ ತಲುಪಿಸುತ್ತದೆ.

ಅರ್ಜಿ ನಮೂನೆಯಂತಹ ಒಂದು ಏರ್ಪಾಡು

ಶಾಲೆಯ ತಂತ್ರಾಂಶವು ದೂರವಾಣಿ ಕಂಪನಿಯ ಯಂತ್ರದೊಡನೆ ಮಾತನಾಡುವುದು ಹೇಗೆ? ಇದಕ್ಕೆ ಎ.ಪಿ.ಐ. ಎಂಬ ಏರ್ಪಾಡಿದೆ. ಹೆಸರು ಹೊಸದು, ತತ್ತ್ವ ಹಳೆಯದು. ನಾವು ಹಿಂದೆ ಅಂಚೆ ಕಚೇರಿಯಲ್ಲಿ ಮನಿಯಾರ್ಡರ್ ಕಳುಹಿಸುತ್ತಿದ್ದುದನ್ನು ನೆನೆಯಿರಿ. ಅಂಚೆಯ ಒಳಗೆ ಚೀಲ ಹೇಗೆ ಕಟ್ಟುತ್ತಾರೆ, ಯಾವ ರೈಲಿಗೆ ಹಾಕುತ್ತಾರೆ ಎಂಬುದು ನಮಗೆ ತಿಳಿಯಬೇಕಾಗಿರಲಿಲ್ಲ. ನಮೂನೆಯ ಕಾಗದದಲ್ಲಿ ಹೆಸರು, ವಿಳಾಸ, ಮೊಬಲಗು, ಕಳುಹಿಸುವವರ ರುಜು ಇವನ್ನು ಅದರದರ ಜಾಗದಲ್ಲಿ ತುಂಬಿ ಕಿಟಕಿಯಲ್ಲಿ ಕೊಟ್ಟರೆ ಸಾಕಾಗುತ್ತಿತ್ತು. ಎ.ಪಿ.ಐ. ಎಂಬುದು ಅಂತಹ ಕಿಟಕಿ. ಅದರ ನಮೂನೆಯನ್ನು ತುಂಬುವವನು ಮನುಷ್ಯನಲ್ಲ, ತಂತ್ರಾಂಶ.

ಕಿರುಸಂದೇಶದ ನಮೂನೆಯಲ್ಲಿ ಸಾಮಾನ್ಯವಾಗಿ ಇರುವ ಕಲಮುಗಳು ಇವು:

1. ಕೀಲಿ. ಕಳುಹಿಸುವ ಸಂಸ್ಥೆ ಯಾವುದೆಂದು ರುಜುವಾತು ಮಾಡುವ ಗುಟ್ಟಿನ ಅಕ್ಷರಮಾಲೆ.
2. ಕಳುಹಿಸುವವರ ಶಿರೋನಾಮ. ಮೊಬೈಲಿನಲ್ಲಿ ಸಂಖ್ಯೆಯ ಬದಲು ಕಾಣುವ ಇಂಗ್ಲಿಷ್ ಅಕ್ಷರಗಳು.
3. ಒಪ್ಪಿಗೆ ಪಡೆದ ಮಾದರಿ ಬರಹದ ಸಂಖ್ಯೆ.
4. ಪಡೆಯುವವರ ಮೊಬೈಲ್ ಸಂಖ್ಯೆ.
5. ಬರಹ.
6. ಬರಹದ ಲಿಪಿಯ ಬಗೆ, ಅಂದರೆ ಇಂಗ್ಲಿಷೋ ಯೂನಿಕೋಡೋ ಎಂಬ ಗುರುತು.

ಈ ಆರನೆಯ ಕಲಮನ್ನು ತಪ್ಪಾಗಿ ತುಂಬಿದರೆ ಕನ್ನಡದ ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದು ನಿಲ್ಲುತ್ತವೆ. ಮೊದಲನೆಯದಾದ ಕೀಲಿಯು ಮುಖ್ಯೋಪಾಧ್ಯಾಯರ ಮೊಹರಿಗೆ ಸಮಾನ. ಮೊಹರನ್ನು ಮೇಜಿನ ಮೇಲೆ ಬಿಟ್ಟು ಹೋಗುವ ಮುಖ್ಯೋಪಾಧ್ಯಾಯರುಂಟೇ? ಕೀಲಿಯನ್ನೂ ಹಾಗೆಯೇ ಕಾಪಾಡಬೇಕು. ಅದು ಪರರ ಕೈಸೇರಿದರೆ ಶಾಲೆಯ ಹೆಸರಿನಲ್ಲಿ, ಶಾಲೆಯ ಖರ್ಚಿನಲ್ಲಿ ಅವರು ಸಂದೇಶ ಕಳುಹಿಸಬಲ್ಲರು.

ಇಲ್ಲೊಂದು ತೊಡಕಿದೆ. ಈ ಸೇವೆಯನ್ನು ಒದಗಿಸುವ ಕಂಪನಿಗಳು ಹಲವು. ಒಂದೊಂದರ ನಮೂನೆಯೂ ಒಂದೊಂದು ಬಗೆ. ಒಬ್ಬರು ಮೊಬೈಲ್ ಸಂಖ್ಯೆಯನ್ನು ಮೊದಲು ಕೇಳಿದರೆ ಇನ್ನೊಬ್ಬರು ಕೊನೆಗೆ ಕೇಳುತ್ತಾರೆ; ಕಲಮಿನ ಹೆಸರುಗಳೂ ಬೇರೆ. ಶಾಲೆಯ ತಂತ್ರಾಂಶವನ್ನು ಒಂದೇ ಕಂಪನಿಯ ನಮೂನೆಗೆ ಹೊಲಿದುಬಿಟ್ಟರೆ, ನಾಳೆ ಆ ಕಂಪನಿ ದರ ಏರಿಸಿದಾಗ ಅಥವಾ ಸೇವೆ ನಿಲ್ಲಿಸಿದಾಗ ತಂತ್ರಾಂಶವನ್ನೇ ಬಿಚ್ಚಿ ಹೊಲಿಯಬೇಕಾಗುತ್ತದೆ. ಆದುದರಿಂದ ಬಲ್ಲವರು ನಡುವೆ ಒಂದು ಸಾಮಾನ್ಯ ನಮೂನೆಯನ್ನು ಇಡುತ್ತಾರೆ. ಶಾಲೆಯ ತಂತ್ರಾಂಶ ಆ ಸಾಮಾನ್ಯ ನಮೂನೆಯನ್ನು ಮಾತ್ರ ತುಂಬುತ್ತದೆ. ಅದನ್ನು ಆಯಾ ಕಂಪನಿಯ ಭಾಷೆಗೆ ತಿರುಗಿಸಲು ಕಂಪನಿಗೊಂದರಂತೆ ಚಿಕ್ಕ ದುಭಾಷಿ ತಂತ್ರಾಂಶವಿರುತ್ತದೆ. ಕಂಪನಿ ಬದಲಾದರೆ ದುಭಾಷಿಯನ್ನು ಬದಲಿಸಿದರಾಯಿತು. ಹೊಸೂರಿನ ಸಂತೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾರುವ ಸರಕು ಒಂದೇ. ವ್ಯಾಪಾರಿ ಬಂದವರನ್ನು ನೋಡಿ ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಬೆಲೆ ಹೇಳುತ್ತಾನೆ.

ಈ ತತ್ತ್ವ ದೊಡ್ಡ ಪ್ರಮಾಣದಲ್ಲೂ ನಡೆದಿದೆ. ಐರ್ಲೆಂಡಿನ ಆಲ್ಡಿಸ್ಕಾನ್ ಎಂಬ ಕಂಪನಿಯು ರೂಪಿಸಿದ ಎಸ್.ಎಂ.ಪಿ.ಪಿ. ಎಂಬ ಸಂವಹನ ಕ್ರಮವು ಜಗತ್ತಿನ ಸಂದೇಶ ಕೇಂದ್ರಗಳಿಗೆಲ್ಲ ಸಾಮಾನ್ಯ ಭಾಷೆಯಾಯಿತು. ನಮ್ಮ ಕೇಂದ್ರ ಸರ್ಕಾರವು 2012ರಲ್ಲಿ ಮೊಬೈಲ್ ಆಡಳಿತದ ಚೌಕಟ್ಟನ್ನು ಪ್ರಕಟಿಸಿ, ಸಿ-ಡಾಕ್ ಸಂಸ್ಥೆಯ ಮೂಲಕ 'ಮೊಬೈಲ್ ಸೇವಾ' ಎಂಬ ವೇದಿಕೆಯನ್ನು ನಡೆಸಿತು. ಪ್ರತಿಯೊಂದು ಇಲಾಖೆಯೂ ಪ್ರತಿಯೊಂದು ಕಂಪನಿಯೊಡನೆ ಬೇರೆಬೇರೆಯಾಗಿ ಸಂಪರ್ಕ ಏರ್ಪಡಿಸಿಕೊಳ್ಳುವ ಬದಲು, ಒಂದು ದ್ವಾರದ ಮೂಲಕ ಎಲ್ಲ ಇಲಾಖೆಗಳ ಸಂದೇಶಗಳೂ ಹೊರಡುವ ವ್ಯವಸ್ಥೆ ಅದು.

ಕಳುಹಿಸಿದ್ದು, ತಲುಪಿದ್ದು, ಓದಿದ್ದು

ಕಿಟಕಿಯಲ್ಲಿ ನಮೂನೆಯನ್ನು ಕೊಟ್ಟೊಡನೆ ಆ ಕಡೆಯ ಯಂತ್ರವು ಒಂದು ಸಂಖ್ಯೆಯನ್ನು ಮರಳಿಸುತ್ತದೆ. ಇದು ಸ್ವೀಕೃತಿಯ ಗುರುತು ಮಾತ್ರ. ರಿಜಿಸ್ಟರ್ಡ್ ಅಂಚೆಯ ಕಾಲದಲ್ಲಿ ಕಚೇರಿಯವರು ಹರಿದುಕೊಡುತ್ತಿದ್ದ ರಸೀದಿಗೂ, ಪಡೆದವರ ರುಜುವಿನೊಡನೆ ಹಿಂದಿರುಗುತ್ತಿದ್ದ ಕಾರ್ಡಿಗೂ ಇದ್ದ ವ್ಯತ್ಯಾಸ ನಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಸಂದೇಶವು ಮೊಬೈಲನ್ನು ಸೇರಿದ ಮೇಲೆ 'ತಲುಪಿದೆ' ಎಂಬ ವರದಿ ಬೇರೆಯಾಗಿ ಬರುತ್ತದೆ. ಎಷ್ಟೋ ವೇಳೆ ರಸೀದಿ ಬರುವ ಮುನ್ನವೇ ಸಂಪರ್ಕ ಕಡಿಯುತ್ತದೆ. ಆಗ ಹೋಗಲಿಲ್ಲವೆಂದು ಭಾವಿಸಿ ತಂತ್ರಾಂಶವು ಮತ್ತೆ ಕಳುಹಿಸಿದರೆ ಮನೆಯವರಿಗೆ ಅದೇ ಸಂದೇಶ ಎರಡು ಬಾರಿ. ಇದನ್ನು ತಡೆಯಲು ಪ್ರವೇಶ ದಾಖಲೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಡುವಂತೆ, ಪ್ರತಿ ಸಂದೇಶಕ್ಕೂ ಶಾಲೆಯೇ ಒಂದು ಸಂಖ್ಯೆಯನ್ನು ಕೊಟ್ಟಿರಬೇಕು.

ಯಂತ್ರವು ಹೇಳಬಲ್ಲದ್ದು ಈ ಎರಡನ್ನೇ: ಕಳುಹಿಸಿದ್ದು ಮತ್ತು ತಲುಪಿದ್ದು. ಮೂರನೆಯದಾದ 'ಓದಿ ತಿಳಿದದ್ದು' ಎಂಬುದನ್ನು ಅದು ಹೇಳಲಾರದು. ನನಗೆ ಪರಿಚಯದ ಮನೆಯೊಂದರ ಸಂಗತಿಯನ್ನು ಹೇಳುತ್ತೇನೆ. ತಂದೆತಾಯಿಯರಿಬ್ಬರೂ ದುಡಿಮೆಗಾಗಿ ಬೆಂಗಳೂರಿನಲ್ಲಿದ್ದರು. ಮೊಮ್ಮಗಳು ಅಜ್ಜಿಯ ಬಳಿ. ಅಜ್ಜಿ ಕನ್ನಡದಲ್ಲಿ ಐದನೆಯ ತರಗತಿಯವರೆಗೆ ಓದಿದವರು, ಈಗಲೂ ಕನ್ನಡಕ ಹಾಕಿಕೊಂಡು ಸಲೀಸಾಗಿ ಓದುವವರು. ಒಂದು ಕಚೇರಿಯಿಂದ ಅವರ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂತು. ಮೊಮ್ಮಗಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ದಾಖಲೆ ಕೊರತೆಯಿದೆ, ಐದು ದಿನಗಳೊಳಗೆ ಸಲ್ಲಿಸಬೇಕು ಎಂದು ಅದರ ಒಕ್ಕಣೆ. ಅಜ್ಜಿಗೆ ಅದು ಯಾವುದೋ ಜಾಹೀರಾತಿನಂತೆ ಕಂಡಿತು. ಮುಂದಿನ ವಾರ ಮಗ ಊರಿಗೆ ಬಂದು ನೋಡುವಷ್ಟರಲ್ಲಿ ಗಡುವು ಮುಗಿದಿತ್ತು. ಆ ವರ್ಷದ ವೇತನ ಹೋಯಿತು. ಆ ಕಚೇರಿಯ ಗಣಕದಲ್ಲಿ ಮಾತ್ರ ಆ ಸಂದೇಶದ ಮುಂದೆ 'ತಲುಪಿದೆ' ಎಂದೇ ದಾಖಲಾಗಿರುತ್ತದೆ. ಸಂದೇಶ ಕಳುಹಿಸುವ ಯಾವುದೇ ಸಂಸ್ಥೆ ಯೋಚಿಸಬೇಕಾದ ವಿಷಯ ಇದು.

ಕನ್ನಡಕ್ಕೆ ಎಪ್ಪತ್ತೇ ಏಕೆ?

ಈಗ ಲೆಕ್ಕಕ್ಕೆ ಬರೋಣ. ಒಂದು ಸಂದೇಶಕ್ಕೆ 140 ಬೈಟು. ಬೈಟೊಂದಕ್ಕೆ 8 ಬಿಟ್ಟಿನಂತೆ ಒಟ್ಟು 1120 ಬಿಟ್ಟುಗಳು. ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳಿಗೆಂದು ಮಾಡಿದ ಕೋಷ್ಟಕದಲ್ಲಿ ಅಕ್ಷರವೊಂದಕ್ಕೆ 7 ಬಿಟ್ಟು ಸಾಕು. 1120ನ್ನು 7ರಿಂದ ಭಾಗಿಸಿದರೆ 160. ಆದುದರಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಆ ಕೋಷ್ಟಕದಲ್ಲಿ ಕನ್ನಡದ ಅಕ್ಷರಗಳಿಲ್ಲ. ಕನ್ನಡವು ಯೂನಿಕೋಡಿನಲ್ಲಿ ಅದರ 1991ರ ಮೊದಲ ಆವೃತ್ತಿಯಿಂದಲೇ ಇದೆ. ಕಿರುಸಂದೇಶದಲ್ಲಿ ಯೂನಿಕೋಡಿನ ಸಂಕೇತವೊಂದಕ್ಕೆ 16 ಬಿಟ್ಟು. 1120ನ್ನು 16ರಿಂದ ಭಾಗಿಸಿದರೆ 70. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶವು ಎಪ್ಪತ್ತರ ಲೆಕ್ಕಕ್ಕೆ ಇಳಿಯುತ್ತದೆ. ರೂಪಾಯಿಯ ಹೊಸ ಚಿಹ್ನೆಯೂ ಹಳೆಯ ಕೋಷ್ಟಕದಲ್ಲಿಲ್ಲ; ಇಂಗ್ಲಿಷ್ ಸಂದೇಶದಲ್ಲಿ ಅದನ್ನು ಬಳಸಿದರೂ ಇದೇ ಗತಿ.

ಬರಹ ಎಪ್ಪತ್ತನ್ನು ಮೀರಿದರೆ ಸಂದೇಶವು ತುಂಡುಗಳಾಗಿ ಹೋಗಿ ಮೊಬೈಲಿನಲ್ಲಿ ಮತ್ತೆ ಜೋಡಣೆಯಾಗುತ್ತದೆ. ಯಾವ ತುಂಡು ಎಷ್ಟನೆಯದು ಎಂಬ ಗುರುತಿಗೆ ಪ್ರತಿ ತುಂಡಿನಲ್ಲೂ 6 ಬೈಟು ಹೋಗುವುದರಿಂದ, ತುಂಡೊಂದಕ್ಕೆ ಉಳಿಯುವುದು ಇಂಗ್ಲಿಷಿಗೆ 153, ಕನ್ನಡಕ್ಕೆ 67. ಶುಲ್ಕವನ್ನು ತುಂಡುಗಳ ಲೆಕ್ಕದಲ್ಲಿ ವಿಧಿಸುತ್ತಾರೆ.

ಎಪ್ಪತ್ತು ಎಂದರೆ ನಾವು ಬರೆಯುವ ಎಪ್ಪತ್ತು ಅಕ್ಷರಗಳಲ್ಲ ಎಂಬುದನ್ನು ಕನ್ನಡ ಕಲಿತವರು ವಿಶೇಷವಾಗಿ ಗಮನಿಸಬೇಕು. ಯಂತ್ರಕ್ಕೆ ಮೂಲಾಕ್ಷರ ಒಂದು ಸಂಕೇತ, ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರವನ್ನು ಕೂಡಿಸುವ ವಿರಾಮ ಚಿಹ್ನೆ ಮತ್ತೊಂದು. 'ಶಾಲೆ' ಎಂಬುದು ನಮಗೆ ಎರಡಕ್ಷರ. ಯಂತ್ರಕ್ಕೆ ಶ, ದೀರ್ಘ, ಲ, ಎತ್ವ ಎಂದು ನಾಲ್ಕು. 'ಕನ್ನಡ' ಮೂರಕ್ಷರ, ಯಂತ್ರಕ್ಕೆ ಐದು. 'ರಾಷ್ಟ್ರ' ಎರಡಕ್ಷರ, ಯಂತ್ರಕ್ಕೆ ಏಳು. ಕಾಗುಣಿತವನ್ನೂ ಸಂಯುಕ್ತಾಕ್ಷರವನ್ನೂ ಬಿಡಿಸಿ ಬರೆಯುವ ಅಭ್ಯಾಸವನ್ನು ಪ್ರಾಥಮಿಕ ಶಾಲೆಯಲ್ಲಿ ಮಾಡಿದವರಿಗೆ ಈ ಲೆಕ್ಕ ಸುಲಭ. ವ್ಯಾಕರಣದ ಆ ಪಾಠ ಇಂದು ಹಣ ಉಳಿಸುವ ವಿದ್ಯೆಯೂ ಆಗಿದೆ.

ಕನ್ನಡಕ್ಕೂ 7 ಬಿಟ್ಟಿನ ಕೋಷ್ಟಕವೊಂದು ಇದೆ ಎಂದರೆ ಅನೇಕರು ಅಚ್ಚರಿಪಟ್ಟಾರು. ಅಂತರರಾಷ್ಟ್ರೀಯ ಮೊಬೈಲ್ ಮಾನದಂಡಗಳ 9ನೆಯ ಆವೃತ್ತಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಕೋಷ್ಟಕಗಳನ್ನು ಸೇರಿಸಲಾಯಿತು. ಅದರಂತೆ ಒಂದು ಸಂದೇಶದಲ್ಲಿ 155 ಕನ್ನಡ ಸಂಕೇತಗಳು ಹಿಡಿಸುತ್ತವೆ. ಆದರೆ ಕಳುಹಿಸುವ ಯಂತ್ರ, ನಡುವಿನ ಕೇಂದ್ರ, ಪಡೆಯುವ ಮೊಬೈಲು ಮೂರೂ ಆ ಕೋಷ್ಟಕವನ್ನು ಅರಿತಿದ್ದರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ. ಒಂದು ಕೊಂಡಿ ಅರಿಯದಿದ್ದರೂ ಓದಲಾಗದ ಬರಹ ಬಂದೀತೆಂಬ ಭಯದಿಂದ ಎಲ್ಲರೂ ಎಪ್ಪತ್ತರ ದಾರಿಯನ್ನೇ ಹಿಡಿಯುತ್ತಾರೆ. ಮನೆಯೊಳಗೆ ಪೆಟ್ಟಿಗೆ ತುಂಬ ಪಾತ್ರೆಯಿದ್ದೂ ಎಲೆಯಲ್ಲಿ ಉಂಡಂತೆ! ತಂತ್ರಾಂಶ ಕ್ಷೇತ್ರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಕಡೆ ಗಮನ ಹರಿಸಬಾರದೇ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ಮೊಬೈಲಿನಲ್ಲಿ ಕನ್ನಡ ಕಾಣಿಸುವುದೇ ಎಂಬ ಸಂದೇಹ. ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಹೊರತಂದ ಐ.ಎಸ್. 16333 ಮೂರನೆಯ ಭಾಗದ ಪ್ರಕಾರ, ಇಲ್ಲಿ ಮಾರುವ ಮೊಬೈಲುಗಳು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲೂ ಸಂದೇಶವನ್ನು ತೋರಿಸಬಲ್ಲವಾಗಿರಬೇಕು. ಸರ್ಕಾರ ಇದನ್ನು ಕಡ್ಡಾಯಗೊಳಿಸಿದ ಮೇಲೆ ಗುಂಡಿಯ ಮೊಬೈಲಿನಲ್ಲೂ ಕನ್ನಡವನ್ನು ಓದುವುದು ಸಾಧ್ಯವಾಗಿದೆ.

ಬೇರೆ ಲಿಪಿಯಲ್ಲಿ ಬರೆದರೆ ಆಗದೇ?

ಕೆಲವರು ಕೇಳುತ್ತಾರೆ: "ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 160 ಸಿಗುತ್ತದಲ್ಲ, ಮೇಷ್ಟ್ರೇ?" ಸಿಗುತ್ತದೆ. ಆದರೆ ಬಳೆ, ಬಲೆ, ಬಾಳೆ ಮೂರನ್ನೂ ಆ ಲಿಪಿಯಲ್ಲಿ ಜನ ಬರೆಯುವುದು ಒಂದೇ ರೀತಿ. ಹಳ್ಳಿಯೂ ಹಲ್ಲಿಯೂ ಅಲ್ಲಿ ಒಂದೇ. ತಮಿಳು ಲಿಪಿ ನಮ್ಮ ಊರುಗಳಲ್ಲಿ ಎಲ್ಲರಿಗೂ ಪರಿಚಿತ, ಆದರದ ಲಿಪಿ; ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಕ ಮತ್ತು ಗ, ಪ ಮತ್ತು ಬ ಇವುಗಳಿಗೆ ಅಲ್ಲಿ ಬೇರೆ ಅಕ್ಷರಗಳಿಲ್ಲ. ತಮಿಳಿಗೆ ಅವು ಬೇಕಾಗಿಲ್ಲ, ಕನ್ನಡಕ್ಕೆ ಬೇಕು. ಕಾಳಿಯೂ ಗಾಳಿಯೂ ಒಂದಾಗಿಬಿಟ್ಟರೆ ನಮ್ಮ ಮಾತಿನ ಗತಿಯೇನು?

ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಸೇಲಂ ಜಿಲ್ಲೆಯಿಂದ 1965ರ ಅಕ್ಟೋಬರ್ 2ರಂದು ಧರ್ಮಪುರಿ ಬೇರೆಯಾಯಿತು. ಧರ್ಮಪುರಿಯಿಂದ 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಹೊಸೂರು, ತಳಿ, ದೇನ್ಕಣಿಕೋಟೆಗಳ ರೈತರ ಮನೆಗಳಲ್ಲಿ ಆಡುವ ಮಾತು ಕನ್ನಡವಾಗಿಯೇ ಉಳಿದಿದೆ. ಆದರೆ ಆಡುವ ಕನ್ನಡ ಉಳಿದ ಎಷ್ಟೋ ಮನೆಗಳಲ್ಲಿ ಓದುವ ಕನ್ನಡ ಉಳಿದಿಲ್ಲ. ಅಂಗಡಿಯ ಫಲಕದಲ್ಲಿ, ಬಸ್ಸಿನ ಹಲಗೆಯಲ್ಲಿ, ರಸೀದಿಯಲ್ಲಿ ಕನ್ನಡ ಕಣ್ಣಿಗೆ ಬೀಳುವುದು ಅಪರೂಪ. ಅಂತಹ ಮನೆಗೆ ಶಾಲೆಯಿಂದ ಬರುವ ಕನ್ನಡದ ಸಂದೇಶವು ಆ ದಿನ ಮನೆಯವರು ಕಾಣುವ ಏಕೈಕ ಕನ್ನಡ ಬರಹವಾಗಿರಬಹುದು. ತಂದೆಗೆ ಓದಲು ತಡವರಿಸಿದರೆ ಮಗು ಓದಿ ಹೇಳುತ್ತದೆ, ಅಜ್ಜಿ ತಿದ್ದುತ್ತಾಳೆ. ಅದೇ ಒಂದು ಪಾಠ. ಓದಲು ಬಾರದ ಪೋಷಕರಿಗೆ ಅದೇ ಮಾತನ್ನು ತಮಿಳಿನಲ್ಲಿ ಇನ್ನೊಂದು ಸಂದೇಶವಾಗಿ ಕಳುಹಿಸಲಿ, ಬೇಡವೆನ್ನುವವರು ಯಾರು? ಕನ್ನಡದ ಸಂದೇಶ ಮಾತ್ರ ನಿಲ್ಲಬಾರದು.

ಶಾಲೆಯ ಹೊರಗೂ ಇದಕ್ಕೆ ಬೆಲೆಯಿದೆ. ಕಬಿನಿ, ಕೃಷ್ಣರಾಜಸಾಗರಗಳಿಂದ ಬಿಟ್ಟ ನೀರು ಹೊಗೇನಕಲ್ಲಿಗೆ ಧುಮುಕಿ ಮೆಟ್ಟೂರು ಅಣೆಕಟ್ಟೆಗೆ ಬರುತ್ತದೆ. ನೀರು ಏರುತ್ತಿರುವಾಗ ನದಿಯ ದಡದವರಿಗೆ ಬರುವ ಎಚ್ಚರಿಕೆಯ ಸಂದೇಶವನ್ನು ಓದಲು ದುಭಾಷಿಯನ್ನು ಹುಡುಕುವಷ್ಟು ಸಮಯವಿರುತ್ತದೆಯೇ?

ಸಂದೇಶ ಬರೆಯುವ ಕಲೆ

ಕನ್ನಡ ದುಬಾರಿ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ನಮ್ಮ ಬರವಣಿಗೆಯ ದೋಷ. ಉದಾಹರಣೆಯನ್ನು ನೋಡೋಣ.

"ಮಾನ್ಯ ಪೋಷಕರೇ, ತಮ್ಮ ಮಗು ಲಕ್ಷ್ಮಿ ಇಂದು ಶಾಲೆಗೆ ಹಾಜರಾಗಿರುವುದಿಲ್ಲವೆಂದು ಈ ಮೂಲಕ ತಮ್ಮ ಗಮನಕ್ಕೆ ತರಲಾಗಿದೆ. ದಯವಿಟ್ಟು ಶಾಲೆಯನ್ನು ಸಂಪರ್ಕಿಸಿ. ಕನ್ನಡ ಶಾಲೆ"

ತೆರಪುಗಳನ್ನೂ ಚುಕ್ಕಿಗಳನ್ನೂ ಸೇರಿಸಿ ಎಣಿಸಿದರೆ 135 ಸಂಕೇತಗಳು. ಎರಡು ತುಂಡಿಗೆ ಹಿಡಿಸುವುದು 134. ಒಂದೇ ಒಂದು ಸಂಕೇತ ಮೀರಿದ್ದರಿಂದ ಮೂರು ತುಂಡಿನ ಶುಲ್ಕ. ಇದನ್ನೇ ಹೀಗೆ ಬರೆಯೋಣ:

"ನಿಮ್ಮ ಮಗು ಲಕ್ಷ್ಮಿ ಇಂದು ಶಾಲೆಗೆ ಬಂದಿಲ್ಲ. ಕಾರಣ ತಿಳಿಸಿರಿ. ಕನ್ನಡ ಶಾಲೆ"

ಇದು 64. ಒಂದೇ ತುಂಡು. ಲೆಕ್ಕಕ್ಕಾಗಿ ತುಂಡೊಂದಕ್ಕೆ 20 ಪೈಸೆ ಎಂದಿಟ್ಟುಕೊಂಡರೆ, ಇಂತಹ 1000 ಸಂದೇಶಗಳಿಗೆ ಮೊದಲನೆಯದಕ್ಕೆ 600 ರೂಪಾಯಿ, ಎರಡನೆಯದಕ್ಕೆ 200 ರೂಪಾಯಿ. ಉಳಿದ 400 ರೂಪಾಯಿ ಕನ್ನಡವನ್ನು ಬಿಟ್ಟುಕೊಟ್ಟದ್ದರಿಂದ ಬಂದದ್ದಲ್ಲ, ಕಚೇರಿ ಕನ್ನಡವನ್ನು ಬಿಟ್ಟದ್ದರಿಂದ ಬಂದದ್ದು. ಅಜ್ಜಿಗೆ ಥಟ್ಟನೆ ತಿಳಿಯುವುದೂ ಎರಡನೆಯದೇ.

ಇನ್ನೂ ಒಂದು ತಿದ್ದುಪಡಿ ಬೇಕು. ಮೊಬೈಲು ಆರಿದ್ದರೆ ಸಂದೇಶ ಮರುದಿನ ತಲುಪಬಹುದೆಂದು ಹಿಂದೆ ಹೇಳಿದೆನಷ್ಟೆ. ಆಗ 'ಇಂದು' ಎಂದರೆ ಯಾವ ದಿನ? 'ನಾಳೆ ರಜೆ' ಎಂಬುದು ಒಂದು ದಿನ ತಡವಾಗಿ ತಲುಪಿದರೆ ಮಗು ಶಾಲೆ ನಡೆಯುವ ದಿನವೂ ಮನೆಯಲ್ಲಿ ಉಳಿದೀತು. ಆದುದರಿಂದ ದಿನಾಂಕವನ್ನೇ ಬರೆಯಬೇಕು. 'ಇಂದು' ಎಂಬುದರ ಬದಲು '12-7ರಂದು' ಎಂದರೆ 68 ಸಂಕೇತ. ಆಗಲೂ ಒಂದೇ ತುಂಡು. ಹೆಸರು ಉದ್ದವಾಗಿದ್ದರೆ 'ನಿಮ್ಮ ಮಗು' ಎಂಬುದನ್ನು ಬಿಡಬಹುದು. ಲಕ್ಷ್ಮಿ ಯಾರ ಮಗಳೆಂದು ಮನೆಯವರಿಗೆ ಹೇಳಬೇಕೇ? ಆಗ 58ಕ್ಕೆ ಇಳಿಯುತ್ತದೆ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಬರಹವನ್ನು ನೇರವಾಗಿ ಸಂದೇಶಕ್ಕೆ ಹಾಕಬಾರದೆಂಬುದೂ ನೆನಪಿರಲಿ. ಅವುಗಳ ಒಳಗಿರುವುದು ಇಂಗ್ಲಿಷ್ ಸಂಕೇತ, ಹೊರಗೆ ಮಾತ್ರ ಕನ್ನಡದ ರೂಪ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಅದು ಯಂತ್ರಕ್ಕೆ ಕನ್ನಡ.

ನೋಂದಣಿ ಮತ್ತು ಎಚ್ಚರಿಕೆ

ಈ ಸೌಲಭ್ಯದ ದುರುಪಯೋಗವೂ ಆಗಿದೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರು ವದಂತಿಯ ಸಂದೇಶಗಳಿಗೆ ಹೆದರಿ ರೈಲುಗಳಲ್ಲಿ ತುಂಬಿ ಹೊರಟರು. ಸರ್ಕಾರವು ಸಾಮೂಹಿಕ ಸಂದೇಶಗಳನ್ನು ಹದಿನೈದು ದಿನಗಳ ಅವಧಿಗೆ ನಿಷೇಧಿಸಿ, ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸದಂತೆ ಆಜ್ಞೆ ಮಾಡಿತು. ಕೆಲವು ದಿನಗಳಲ್ಲಿ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಲಾಯಿತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಗಳಂತೆ, ತಂತ್ರಾಂಶದಿಂದ ಸಂದೇಶ ಕಳುಹಿಸುವ ಸಂಸ್ಥೆಯು ತನ್ನ ಹೆಸರು, ಶಿರೋನಾಮ, ಬರಹದ ಮಾದರಿ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು. ಮಾದರಿಯಲ್ಲಿ ಮಗುವಿನ ಹೆಸರು, ದಿನಾಂಕ ಮೊದಲಾದವಕ್ಕೆ ಮಾತ್ರ ಖಾಲಿ ಜಾಗವಿರುತ್ತದೆ. ಹಳೆಯ ತಂತಿ ಕಚೇರಿಯಲ್ಲಿ ಶುಭಾಶಯದ ವಾಕ್ಯಗಳಿಗೆ ಸಂಖ್ಯೆಗಳಿದ್ದುದನ್ನು ಹಿರಿಯರು ಬಲ್ಲರು. ಸಂಖ್ಯೆ ಹೇಳಿದರೆ ವಾಕ್ಯ ತಲುಪುತ್ತಿತ್ತು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಅದರ ಕ್ರಮ ಬೇರೆ ವೇಷದಲ್ಲಿ ಮರಳಿದೆ. 2021ರ ಮಾರ್ಚ್ 8ರಂದು ಈ ಮಾದರಿಗಳ ತಪಾಸಣೆ ಜಾರಿಗೆ ಬಂದಾಗ ನೋಂದಾಯಿಸದ ಬ್ಯಾಂಕು ಮೊದಲಾದವುಗಳ ಸಂದೇಶಗಳು ತಡೆಹಿಡಿಯಲ್ಪಟ್ಟು, ಪ್ರಾಧಿಕಾರವು ಏಳು ದಿನ ಅದನ್ನು ಅಮಾನತಿನಲ್ಲಿಡಬೇಕಾಯಿತು. ಮಾದರಿಗಳನ್ನು ಕನ್ನಡದಲ್ಲಿ ನೋಂದಾಯಿಸಲು ಅವಕಾಶವಿದೆ. ಒಂದು ಬಾರಿ ನೋಂದಾಯಿಸಿದರೆ ಎಲ್ಲ ಕಂಪನಿಗಳ ಚಂದಾದಾರರಿಗೂ ಅದು ಸಲ್ಲುತ್ತದೆ. ಗಡಿಯಾಚೆ ಬೆಂಗಳೂರಿನಲ್ಲಿರುವ ತಂದೆಗೂ, ಇಲ್ಲಿರುವ ಅಜ್ಜಿಗೂ.

ಸಂದೇಶ ಪಡೆಯುವವರಿಗೆ ಮೂರು ಮಾತು. ಹತ್ತಂಕಿಯ ಖಾಸಗಿ ಸಂಖ್ಯೆಯಿಂದ "ಇಂದು ರಾತ್ರಿ ವಿದ್ಯುತ್ ಕಡಿತ" ಎಂಬಂತಹ ಬೆದರಿಕೆ ಬಂದರೆ ನಂಬಬೇಡಿರಿ. ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆಯನ್ನು ಯಾರು ಕೇಳಿದರೂ ಹೇಳಬೇಡಿರಿ. ಶಾಲೆಯ ಹೆಸರಿನಲ್ಲಿ ಕೇಳಿದರೂ ಸರಿಯೆ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಶಾಲೆಗಳಿಗೂ ಒಂದು ಮಾತು: ಪೋಷಕರು ನಂಬಿ ಕೊಟ್ಟ ಮೊಬೈಲ್ ಸಂಖ್ಯೆಗಳು ಶಾಲೆಯ ಸ್ವತ್ತಲ್ಲ, ಒಪ್ಪಿಸಿದ ಠೇವಣಿ.

ಅಭ್ಯಾಸ

ಉಪಾಧ್ಯಾಯನ ಹಳೆಯ ಚಾಳಿಯಂತೆ ಕೊನೆಯಲ್ಲಿ ಅಭ್ಯಾಸಗಳನ್ನು ಕೊಡುತ್ತೇನೆ. 1. ನಿಮ್ಮ ಹೆಸರನ್ನು ಬಿಡಿಸಿ ಬರೆದು ಅದರಲ್ಲಿ ಯಂತ್ರದ ಸಂಕೇತಗಳೆಷ್ಟೆಂದು ಎಣಿಸಿರಿ. 2. ಮಳೆಯ ಕಾರಣ ರಜೆಯೆಂಬುದನ್ನು ದಿನಾಂಕ ಸಹಿತ ಎಪ್ಪತ್ತು ಸಂಕೇತಗಳೊಳಗೆ ಬರೆಯಿರಿ. 3. ಬರೆದುದನ್ನು ಮನೆಯ ಹಿರಿಯರೊಬ್ಬರಿಗೆ ಓದಲು ಕೊಡಿರಿ. ಅವರು ಒಂದೇ ಸಲಕ್ಕೆ ತಿಳಿದುಕೊಂಡರೆ ಪೂರ್ಣ ಅಂಕ.

ಮುಂದಿನ ಐವತ್ತು ವರ್ಷಗಳಲ್ಲಿ ಈ ಕಿರುಸಂದೇಶವೂ ತಂತಿಯಂತೆ ಮರೆಯಾಗಿ ಇನ್ನೇನೋ ಬರಬಹುದು. ಏನೇ ಬರಲಿ, ಶಾಲೆಯ ಮಾತು ಮನೆಯನ್ನು ಸೇರುವಾಗ ಮನೆಯ ಭಾಷೆಯಲ್ಲಿಯೇ ಸೇರಲಿ. ಅದಕ್ಕೆ ತಗಲುವ ಹೆಚ್ಚಿನ ಪೈಸೆಗಳನ್ನು ವ್ಯರ್ಥವೆಂದು ಯಾರೂ ಎಣಿಸದಿರಲಿ. ಶಾಲೆಗೂ, ಅದನ್ನು ಸಾಕಿ ಸಲಹಿದ ಕನ್ನಡ ಕುಟುಂಬಗಳಿಗೂ ಶುಭವಾಗಲಿ.